ಅಕ್ಕಿಕಾಳು ಅಗಿದ ಮಷಿನ್

ಗೋಕಾಕದ ನಮ್ಮ ಬೀಜದ ಕಂಪನಿಯ ಆಫೀಸಿಗೆ, ಅಂಚೆಚೀಟಿಯ ಬದಲು ಲಕೋಟೆಯ ಮೇಲೆ ಮುದ್ರೆ ಒತ್ತುವ ಮಷಿನ್ ಬಾಡಿಗೆಗೆ ಬೇಕಾಗಿತ್ತು. ಆರಿಸುವ ಕೆಲಸ ನನ್ನದು. ತಪ್ಪು ಆರಿಸಿದರೆ ವರ್ಷಗಟ್ಟಲೆ ಕರಾರು ನನ್ನ ಕೊರಳಿಗೇ ಬೀಳುತ್ತಿತ್ತು.

ಬೆಳಗಾವಿಯಿಂದ ಬಂದ ಮಾರಾಟಗಾರ ದೊಡ್ಡ ಮಷಿನ್ ಚಾಲೂ ಮಾಡಿ, ತಾನೇ ತಂದಿದ್ದ ಬಿಳಿ ಲಕೋಟೆಗಳನ್ನು ಅದರೊಳಗೆ ಸರಸರ ಓಡಿಸಿದ.

"ಹೆಂಗೈತ್ರಿ ಮೇಡಂ?"

"ಚಲೋ ಐತ್ರಿ. ಈಗ ನಮ್ಮ ಲಕೋಟಿ ಹಾಕಿ ತೋರಸ್ರಿ," ಎಂದೆ.

ದೀಪಾವಳಿಯ ಲಕ್ಷ್ಮೀಪೂಜೆಗೆ ಮೂಡಲಗಿ, ಹುಕ್ಕೇರಿ ಕಡೆಯ ಗಿರಾಕಿಗಳಿಗೆ ನಾವು ಕಳಿಸುವ ಆಮಂತ್ರಣ ಅದು. ಒಳಗೆ ಅರಿಶಿನ ಹಚ್ಚಿದ ನಾಲ್ಕು ಅಕ್ಕಿಕಾಳು ಇರದಿದ್ದರೆ ಅದನ್ನು ಯಾರೂ ಕರೆ ಎಂದು ಒಪ್ಪುವುದಿಲ್ಲ. ಮಷಿನ್ ಅಕ್ಕಿಯನ್ನು ಕಟಕಟ ಅಗಿದು, ಲಕೋಟೆ ಹರಿದು, ನಿಂತೇಬಿಟ್ಟಿತು.

ಮಾರಾಟಗಾರ ಬೆವರು ಒರೆಸಿಕೊಂಡ. "ಅಕ್ಕಾರ, ಅಕ್ಕಿ ಹಾಕೂದು ಬಿಡ್ರಲಾ. ಈಗೆಲ್ಲಾ ಯಾರ್ ನೋಡ್ತಾರ?" ಮೇಡಂ ಆಗಿದ್ದವಳು ಅಷ್ಟರಲ್ಲಿ ಅಕ್ಕ ಆಗಿದ್ದೆ.

"ಅಕ್ಕಿ ಬಿಡಂಗಿಲ್ರಿ. ಬೇಕಾದ್ರ ಮಷಿನ್ ಬಿಡ್ತೀವಿ."

ಬೇರೊಬ್ಬರಿಂದ ಸಣ್ಣ ಮಷಿನ್ ತಂದೆ. ಅಕ್ಕಿಯನ್ನು ಕೆಳಗಿನ ಮೂಲೆಗೆ ಸರಿಸಿ, ಒಂದೊಂದೇ ಲಕೋಟೆಯನ್ನು ಕೈಯಿಂದ ಒಡ್ಡಬೇಕು. ನಿಧಾನ, ಆದರೆ ಅಗಿಯುವುದಿಲ್ಲ.

ನಮ್ಮನ್ನು ಗಿರಾಕಿ ಮಾಡಿಕೊಳ್ಳುವ ಆಸೆಯನ್ನು ಇನ್ನೂ ಬಿಟ್ಟಿರದ ಆ ಬೆಳಗಾವಿಯ ಮಾರಾಟಗಾರ ಮೊನ್ನೆ ತನ್ನ ಮನೆಯ ವಾಸ್ತುಶಾಂತಿಗೆ ಆಮಂತ್ರಣ ಕಳಿಸಿದ್ದ. ಒಡೆದರೆ ಮೇಜಿನ ತುಂಬ ಹಳದಿ ಅಕ್ಕಿ ಉದುರಿತು. ಲಕೋಟೆ ತಿರುಗಿಸಿ ನೋಡಿದೆ: ಅಂಚೆಚೀಟಿ, ಅದೂ ಅಂಟು ಹಚ್ಚಿ ಕೈಯಿಂದ ಒತ್ತಿದ್ದು.