ತಲೆಬರಹ ಕೂಗದ ಯಮನವ್ವ

ಇನ್ನೂ ಬೆಳಕು ಹರಿದಿಲ್ಲ. ಪುಣೆಯ ಸ್ವಾರಗೇಟ ಬಸ್ ನಿಲ್ದಾಣದ ಗೋಡೆಗೆ ಬೆನ್ನು ಕೊಟ್ಟು ಕುಳಿತ ಯಮನವ್ವ ಪತ್ರಿಕೆಗಳೊಳಗೆ ಪುರವಣಿ ಸೇರಿಸಿ ಮಡಚುತ್ತಿದ್ದಾರೆ. ಕೈ ತನ್ನ ಪಾಡಿಗೆ ಓಡುತ್ತಿದೆ, ಕಣ್ಣು ಮೊದಲ ಪುಟದಲ್ಲಿದೆ. ಬಸ್ಸೊಂದು ಒಳಗೆ ತಿರುಗುತ್ತಲೇ ಎದ್ದು ಕಿಟಕಿಗಳತ್ತ ಧಾವಿಸುತ್ತಾರೆ. ಬಾಯಲ್ಲಿ ಪತ್ರಿಕೆಯ ಹೆಸರಷ್ಟೇ. ಸುದ್ದಿ ಕೂಗುವುದನ್ನು ಅವರು ಕಳೆದ ಶ್ರಾವಣದಲ್ಲೇ ಬಿಟ್ಟಿದ್ದಾರೆ.

ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಯಮನವ್ವ. ಹಲಗೆ ಬಿದ್ದು ಭುಜ ಮುರಿದ ಮೇಲೆ ಬುಟ್ಟಿ ಹೊರಲಾಗದೆ ಪತ್ರಿಕೆ ಹಿಡಿದರು. ಮಾರಾಟವಾಗದೆ ಉಳಿದ ಪ್ರತಿಗಳಲ್ಲೇ ಮರಾಠಿ ಓದಲು ಕಲಿತರು. "ದಪ್ಪ ಅಕ್ಷರ ಒದರಿದ್ರ ಮಂದಿ ತಗೊಂತಿದ್ರು. ಒಳಗ ಏನದ ಅಂತ ನಾನೂ ನೋಡ್ತಿದ್ದಿಲ್ರಿ," ಎನ್ನುತ್ತಾರೆ.

ಶ್ರಾವಣದ ಆ ದಿನದ ದಪ್ಪ ಅಕ್ಷರ: 'ಮಕ್ಕಳ ಕಳ್ಳರ ತಂಡ ನಗರಕ್ಕೆ?' ಯಮನವ್ವ ಗಂಟಲು ಬಿಚ್ಚಿ ಕೂಗಿದರು, ಪತ್ರಿಕೆ ಬೇಗ ಖರ್ಚಾಯಿತು. ಸ್ವಲ್ಪ ಹೊತ್ತಿಗೆ ಕಲಬುರಗಿ ಬಸ್ಸಿನ ಬಳಿ ಗದ್ದಲ. ಒಬ್ಬ ಯುವತಿ, ಸೊಂಟದ ಮೇಲೆ ಚೀರಿ ಅಳುವ ಮಗು. ಕೂಸು ಯಾರದೆಂದು ಜನ ಕೇಳಿದರೆ ಅವಳಿಗೆ ಮರಾಠಿ ಬಾರದು. ಯಾರೋ ಜಡೆ ಹಿಡಿದೆಳೆದರು. ಎಳೆದವನ ಇನ್ನೊಂದು ಕೈಯಲ್ಲಿ ಯಮನವ್ವ ಮಾರಿದ ಪತ್ರಿಕೆಯೇ ಇತ್ತು.

ಯಮನವ್ವ ನುಗ್ಗಿ ಒಳಹೊಕ್ಕರು. "ಯಾರ ಕೂಸವ್ವಾ ಇದು?"

"ನಮ್ಮಕ್ಕಂದ್ರೀ. ವಿಮಾನ ನಗರದಾಗ ದುಡೀತಾಳ. ಬಿಡಾಕ ಬಂದೀನಿ. ಫೋನ್ ಮಾಡೀನಿ, ಬರಾಕತ್ಯಾಳ." ಹುಡುಗಿಯ ಹೆಸರು ಭಾಗ್ಯಾ.

ಯಮನವ್ವ ಅದನ್ನು ಮರಾಠಿಯಲ್ಲಿ ಹೇಳಿದರೆ ಕೇಳುವವರಿಲ್ಲ. "ನೀನೂ ಅವರ ಪೈಕಿಯೇ," ಎಂದೊಬ್ಬ ತಳ್ಳಿದ. ಮುರಿದು ಕೂಡಿದ್ದ ಭುಜ ಕಂಬಕ್ಕೆ ಬಡಿಯಿತು. ಕೈಯಲ್ಲುಳಿದಿದ್ದ ಪ್ರತಿಯನ್ನು ಯಮನವ್ವ ಆಗಲೇ ಮೊದಲ ಬಾರಿಗೆ ಪೂರ್ತಿ ಓದಿದ್ದು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು. ತಾನು ಓದಿದರೆ ಯಾರೂ ನಂಬುವುದಿಲ್ಲವೆಂದು, ಎಲ್ಲರೂ ಬಲ್ಲ ಚಹಾ ಅಂಗಡಿಯ ಬಾಳಕೃಷ್ಣನ ಕೈಗೆ ಪತ್ರಿಕೆ ತುರುಕಿದರು. "ದಾದಾ, ಕೆಳಗಿಂದು ಓದು. ಜೋರಾಗಿ ಓದು."

ಬಾಳಕೃಷ್ಣ ಬೆಂಚಿನ ಮೇಲೆ ಹತ್ತಿ ಓದಿದ: ಅಂಥ ಯಾವ ತಂಡವೂ ಇಲ್ಲ, ಇದು ವದಂತಿ, ಜನ ನಂಬಬಾರದು ಎಂದು ಪೊಲೀಸರು ಹೇಳಿದ್ದಾರೆ.

ಇನ್ನೊಮ್ಮೆ ಓದಿದ. ಜಡೆಯ ಮೇಲಿನ ಹಿಡಿತ ಸಡಿಲಾಯಿತು. ಯಾರೂ ತಪ್ಪಾಯಿತೆನ್ನಲಿಲ್ಲ, ಒಬ್ಬೊಬ್ಬರೇ ತಮ್ಮ ಬಸ್ಸಿನ ಕಡೆ ಸರಿದರು. ರಿಕ್ಷಾದಿಂದ ಇಳಿದು ಓಡಿಬಂದ ಅಕ್ಕ ದುರ್ಗಾಳನ್ನು ಕಂಡದ್ದೇ ಮಗು ಎರಡೂ ಕೈ ಚಾಚಿತು. ಭಾಗ್ಯಾ ಮಾತ್ರ ಅಲ್ಲೇ ನೆಲಕ್ಕೆ ಕುಸಿದು ಕುಳಿತಳು.

ಈಗ ಯಮನವ್ವನ ವ್ಯಾಪಾರ ಇಳಿದಿದೆ. ಏನು ಸುದ್ದಿ ಎಂದು ಕಿಟಕಿಯಿಂದ ಕೇಳಿದವರಿಗೆ, ಓದಿ ನೋಡಿ ಎಂದಷ್ಟೇ ಉತ್ತರ. ಕೆಲವರು ಕೊಳ್ಳದೆ ಗಾಜು ಎಳೆಯುತ್ತಾರೆ.

ನಿಮ್ಮ ಬಗ್ಗೆ ಏನೆಂದು ಬರೆಯೋಣ ಎಂದರೆ ಅವರು ಮಡಚುವುದನ್ನು ನಿಲ್ಲಿಸುತ್ತಾರೆ. "ಜೀವಾ ಉಳಿಸಿದಾಕಿ ಅಂತ ದಪ್ಪಗ ಹಾಕಬ್ಯಾಡ್ರಿ. ಹಂಗ ಹಾಕಿದ್ರ, ಮೊದಲ ಒದರಿದಾಕಿನೂ ನಾನಽ ಅಂತ ಅದರ ಬಾಜೂಕ ಅಷ್ಟಽ ದಪ್ಪಗ ಹಾಕ್ರಿ."