ಒಂದು ಮೀಟರ್ ಎತ್ತರದ ಹಾರಾಟ

ಬೇರೆಯವರ ಬೆರಳ ಗುರುತು ಕಂಡರೆ ಜಬೀನಳಿಗೆ ಆಗುತ್ತಿರಲಿಲ್ಲ. ರಾಯಚೂರಿನ ತೀನ್ ಕಂದೀಲ್ ಹತ್ತಿರದ ಅವಳ ಮೊಬೈಲ್ ರಿಪೇರಿ ಅಂಗಡಿಗೆ ಬರುವ ಫೋನುಗಳೋ, ಹೇಳುವಂತಿರಲಿಲ್ಲ: ಸ್ಪೀಕರಿನ ಜಾಲರಿಯಲ್ಲಿ ಗುಟ್ಕಾದ ಪುಡಿ, ಕವಚದೊಳಗೆ ಬೆವರಿನ ಹಳದಿ ಪೊರೆ, ಚಾರ್ಜರ್ ಸಿಕ್ಕಿಸುವ ತೂತಿನಲ್ಲಿ ಎರೆಮಣ್ಣು. ಅವಳು ಮೊದಲು ಸ್ಪಿರಿಟಿನಲ್ಲಿ ಒರೆಸಿ, ಕರ್ರಗಾದ ಹತ್ತಿಯುಂಡೆಯನ್ನು ಗಿರಾಕಿಯ ಕಣ್ಣೆದುರೇ ಎತ್ತಿ ಹಿಡಿದು ಬುಟ್ಟಿಗೆ ಹಾಕಿ, ಆಮೇಲಷ್ಟೇ "ಏನಾಗ್ಯದ ಹೇಳ್ರಿ" ಎನ್ನುತ್ತಿದ್ದಳು.

ಅದೇ ಅಂಗಡಿಯಲ್ಲಿ, ಅದೇ ಮೇಜಿನ ಮುಂದೆ, ಅವಳ ಅಪ್ಪ ದಸ್ತಗೀರ್ ಸಾಬ್ ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದ್ದರು. ಅವರದೊಂದು ಪದ್ಧತಿಯಿತ್ತು. ಕೆಲಸ ಮುಗಿದ ಮೇಲೆ ರೇಡಿಯೋದ ಬೆನ್ನು ಮುಚ್ಚುವ ಮೊದಲು, ಒಳಗಡೆ ಒಂದು ಸಣ್ಣ ಚೀಟಿ ಅಂಟಿಸುತ್ತಿದ್ದರು. ಅದರಲ್ಲಿ ತಾರೀಖು, ಯಾವ ಭಾಗ ಬದಲಿಸಿದ್ದು ಎಂಬ ಎರಡು ಮಾತು, ಕೆಳಗೆ ದಸ್ತಗೀರ್ ಎಂಬ ಹೆಸರು. ಮುಚ್ಚಿದ ಮೇಲೆ ಯಾರಿಗೂ ಕಾಣದ ಹೆಸರನ್ನು ಯಾಕೆ ಬರೆಯಬೇಕೆಂದು ಚಿಕ್ಕವಳಿದ್ದಾಗ ಜಬೀನ್ ಕೇಳಿದ್ದಳು. "ದೇಖನೇವಾಲೇಕು ನೈ ಬೇಟಿ, ಖೋಲ್ನೇವಾಲೇಕು" ಎಂದಿದ್ದರು. ನೋಡುವವನಿಗಲ್ಲ, ಮುಂದೆ ಎಂದಾದರೂ ಅದನ್ನು ಬಿಚ್ಚುವವನಿಗೆ. ಬಿಚ್ಚಿದವನು ಹೆಸರು ಓದಿ ಬೈಯಬಾರದು, ಅಷ್ಟೇ ಅವರ ಮಹತ್ವಾಕಾಂಕ್ಷೆ. ಅವರು ತೀರಿಕೊಂಡು ಆರು ವರ್ಷವಾದರೂ ಮಾನ್ವಿಯ ಕಡೆಯಿಂದ ಬರುವ ಮುದುಕರು ಅಂಗಡಿಯ ಮುಂದೆ ನಿಂತು, "ರೇಡಿಯೋ ಸಾಬರ ಮಗಳೇನವ್ವಾ ನೀನು" ಎಂದು ಕೇಳುವುದು ನಿಂತಿರಲಿಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಆ ಅಂಗಡಿಗೆ ಬಸವಲಿಂಗ ಬಂದ. ಕಾಲುವೆಯ ಕೊನೆಯ ಭಾಗದ ಹೊಲಗಳಿಗೆ ನೀರು ತಲುಪಿದೆಯೋ ಇಲ್ಲವೋ ಎಂದು ಆಕಾಶದಿಂದ ಚಿತ್ರ ತೆಗೆಯುವ ಗುತ್ತಿಗೆ ಹಿಡಿದ ಸಂಸ್ಥೆಯೊಂದರ ಮೇಲ್ವಿಚಾರಕ ಅವನು. ಅದಕ್ಕಾಗಿ ಅವರ ಬಳಿ ಒಂದು ಗ್ಲೈಡರ್ ಇತ್ತು. ಮಾರುದ್ದದ ರೆಕ್ಕೆಯ, ಹಗುರವಾದ ಥರ್ಮಾಕೋಲಿನಂಥ ಮೈಯ, ಮನುಷ್ಯರಿಲ್ಲದ ವಿಮಾನ. ಕೈಯಿಂದ ಎಸೆದರೆ ಸಣ್ಣ ಮೋಟಾರು ಅದನ್ನು ಮೇಲೇರಿಸುತ್ತಿತ್ತು. ಆಮೇಲೆ ಮೋಟಾರು ನಿಂತು, ಅದು ಹದ್ದಿನಂತೆ ತೇಲುತ್ತ ಹೊಲಗಳ ಮೇಲೆ ಸುತ್ತುತ್ತಿತ್ತು. ಅದರ ಹೊಟ್ಟೆಯಲ್ಲಿ ಕ್ಯಾಮರಾದ ಪಕ್ಕ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ರೆಕಾರ್ಡರ್. ಎಲ್ಲಿ, ನೆಲದಿಂದ ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹಾರಿತೆಂದು ಕ್ಷಣಕ್ಷಣಕ್ಕೂ ಬರೆದುಕೊಳ್ಳುವುದು ಅದರ ಕೆಲಸ. ಇಳಿದ ಮೇಲೆ ಆ ಬರಹವನ್ನು ಅಂಗೈಯಗಲದ ಜಿಪಿಎಸ್ ಒಂದಕ್ಕೆ ಇಳಿಸಿಕೊಂಡು, ಅದರಿಂದ ಕಚೇರಿಗೆ ಕಳಿಸಬೇಕು. ವೈರು ಸಿಕ್ಕಿಸುವ ಜಾಗದಲ್ಲಿ ಕೆಸರು ಹೊಕ್ಕು ವೈರು ಸತ್ತಿತ್ತು. ಬ್ಲೂಟೂತಿನಲ್ಲಿ ಜೋಡಿಸಲು ಯಾರಿಗೂ ಬರುತ್ತಿರಲಿಲ್ಲ.

"ಮೂರು ದಿನ ಆತ್ರಿ ಮೇಡಮ್ಮಾರ. ಹುಡುಕ್ತದ, ಹುಡುಕ್ತದ, ಸಿಗಲಿಲ್ಲ ಅಂತದ" ಎಂದು ಬಸವಲಿಂಗ ಎಂಜಲು ಹಚ್ಚಿದ ಹೆಬ್ಬೆರಳನ್ನು ಪರದೆಯ ಮೇಲೆ ಒತ್ತಿದ. ಜಬೀನ್ ಜಿಪಿಎಸ್ಸನ್ನು ಎರಡು ಬೆರಳಲ್ಲಿ ಎತ್ತಿ, ಎರಡು ಸಲ ಒರೆಸಿದಳು.

"ಬೆರಳು ಹಸಿ ಮಾಡಿ ತಿರುವಾಕ ಇದು ಪಂಚಾಂಗ ಅಲ್ರಿ."

"ಚಟ ರೀ, ಚಟ."

ಅರ್ಧ ಗಂಟೆಯಲ್ಲಿ ಅವಳಿಗೆ ವಿಷಯ ತಿಳಿಯಿತು. "ಈ ರೆಕಾರ್ಡರ್ ಒಂದು ಸಲಕ್ಕ ಒಬ್ಬರ ಕೂಡನೇ ಮಾತಾಡ್ತದ. ನಿಮಗ ತೋರಿಸಾಕ ಬಂದಿದ್ದ ಕಂಪನಿ ಮನುಷ್ಯಾ ತನ್ನ ಫೋನಿಗೆ ಕಟ್ಟಿ, ಬಿಚ್ಚದನ ಹೋಗ್ಯಾನ. ಮೊದಲ ಆ ಗಂಟು ಬಿಚ್ಚಬೇಕು." ಅವಳು ರೆಕಾರ್ಡರಿನ ಗುಂಡಿಯನ್ನು ಒತ್ತಿ ಹಿಡಿದಳು. ಕೆಂಪು ದೀಪ ಮೂರು ಸಲ ಮಿನುಗಿತು. ಹಳೆಯ ನಂಟನ್ನು ಅದು ಮರೆಯಿತು. ಎರಡಕ್ಕೂ ಒಂದೇ ನಾಲ್ಕಂಕಿಯ ಸಂಖ್ಯೆ ಕೊಟ್ಟಳು. ಎರಡರ ಮಾತಿನ ವೇಗವನ್ನೂ ಒಂದೇ ಮಾಡಿದಳು. ನೀಲಿ ದೀಪ ಅಲುಗದೆ ನಿಂತಿತು.

ಆಗ ಜಿಪಿಎಸ್ ಒಂದು ಪ್ರಶ್ನೆ ಕೇಳಿತು: ಈ ಯಂತ್ರಕ್ಕೆ ಏನು ಹೆಸರು? ಇನ್ನು ಮುಂದೆ ಅದರ ಮೂಲಕ ಹೋಗುವ ಪ್ರತಿ ಹಾರಾಟದ ಕಡತದ ಮೊದಲ ಸಾಲಿನಲ್ಲಿ ಆ ಹೆಸರು ಬರುವುದಿತ್ತು. ಜಬೀನ್ ಯೋಚಿಸಲಿಲ್ಲ. ದಸ್ತಗೀರ್ ಎಂದು ಒತ್ತಿದಳು.

ಬಸವಲಿಂಗ ಅವಳನ್ನೇ ಕೆಲಸಕ್ಕೆ ಕರೆದ. ಬೆಳಗಿನ ನಾಲ್ಕು ತಾಸು ಗ್ಲೈಡರಿನ ಜೊತೆ, ಮಧ್ಯಾಹ್ನದ ಮೇಲೆ ಅಂಗಡಿ. ಗ್ಲೈಡರ್ ಎಸೆಯುವವನು ಮೌನೇಶ. ನಲವತ್ತು ದಾಟಿದ, ಹಿಂದೆ ಲಾರಿ ಓಡಿಸುತ್ತಿದ್ದ, ಹೇಳಿದ್ದನ್ನು ಹೇಳಿದಂತೆಯೇ ಮಾಡುವ ಮನುಷ್ಯ. ಕಲ್ಲೂರಿನ ಹೊಲಗಳ ಹಾರಾಟ ಮುಗಿಸಿ ಅವರು ಬಾಗಲವಾಡಕ್ಕೆ ಜಾಗ ನೋಡಲು ಹೋದರು. ಅಲ್ಲಿ ದೊಡ್ಡಪ್ಪ ಎಂಬ ರೈತ ತನ್ನ ಹೊಲದ ಬದುವಿನಲ್ಲಿ ನಿಂತು ಗ್ಲೈಡರನ್ನು ಬಹಳ ಹೊತ್ತು ನೋಡಿದ. ಕಾಲುವೆ ಅವನ ಹೊಲದವರೆಗೆ ಬರುತ್ತದೆಂದು ಕಾಗದ ಹೇಳುತ್ತಿತ್ತು. ನೀರು ಬಾರದೆ ಅವನು ಭತ್ತ ಬಿಟ್ಟು ತೊಗರಿ ಬಿತ್ತಿದ್ದ.

"ಇದಕ್ಕ ಇದು ತೊಗರಿ ಅಂತ ಕಾಣ್ತದೇನವ್ವಾ?"

"ಕಾಣ್ತದ್ರಿ ಯಪ್ಪಾ. ಕಂಡಿದ್ದು ಕಂಡಂಗ ಬರಕೊಂತದ."

"ಹೆಸರೇನು ಇದರದು?"

ಅವಳು ಹೇಳಿದಳು. ದೊಡ್ಡಪ್ಪನ ಮುಖ ಅರಳಿತು. "ರೇಡಿಯೋ ಸಾಬರ ಹೆಸರಲಾ. ನಮ್ಮ ಮನ್ಯಾಗಿನ ರೇಡಿಯೋದಾಗ ಅವರ ಚೀಟಿ ಇನ್ನೂ ಅದ. ಹಂಗಾರ ಸುಳ್ಳು ಹೇಳಲಿಕ್ಕಿಲ್ಲ ಬಿಡು."

ಬಾಗಲವಾಡದಲ್ಲಿ ಹಾರಿಸುವ ಮೊದಲು ದೇವದುರ್ಗದ ಕಡೆ ಎರಡು ದಿನದ ಕೆಲಸವಿತ್ತು. ಅಷ್ಟರಲ್ಲಿ ಜಬೀನಳ ತಾಯಿ ವಾಹಿದಾಗೆ ಜ್ವರ ಬಂತು. ಜಬೀನ್ ಒಂದು ವಾರ ರಜೆ ಹಾಕಿದಳು. ಹೋಗುವ ಮೊದಲು ಮೌನೇಶನಿಗೆ ಜೋಡಣೆ ಕಲಿಸಿ, ನಾಲ್ಕಂಕಿಯ ಸಂಖ್ಯೆಯನ್ನು ಕೊಟ್ಟು, ಒಂದು ಮಾತನ್ನು ಒತ್ತಿ ಹೇಳಿದಳು: "ಏನರ ಆಗಲಿ, ನಡುವ ರೆಕಾರ್ಡರ್ ಬಂದ್ ಮಾಡಬ್ಯಾಡ್ರಿ. ಕಡತ ತುಂಡಾಗ್ತದ."

ವಾರದ ಮೇಲೆ ಬಂದಾಗ ಜಿಪಿಎಸ್ಸಿನ ಪರದೆಯ ಮೇಲೆ ಎಣ್ಣೆಯ ಜಿಡ್ಡಿತ್ತು. ಕರಿದ ಮೆಣಸಿನಕಾಯಿಯ ವಾಸನೆ. ಒರೆಸಿ, ಬಾಗಲವಾಡದ ಕಡತ ತೆರೆದಳು. ಮೊದಲ ಸಾಲಿನಲ್ಲಿ ದಸ್ತಗೀರ್. ಅದರ ಕೆಳಗೆ ಎತ್ತರ: ಒಂದು ಮೀಟರ್. ಮುಂದಿನ ಸಾಲಿನಲ್ಲೂ ಒಂದು ಮೀಟರ್. ಸಾವಿರಾರು ಸಾಲು, ಎಲ್ಲೆಡೆ ಅದೇ. ವೇಗ ತಾಸಿಗೆ ಮೂವತ್ತು ಕಿಲೋಮೀಟರ್. ವಿಮಾನ ರಸ್ತೆಯ ತಿರುವುಗಳಲ್ಲೆಲ್ಲ ರಸ್ತೆಯಂತೆಯೇ ತಿರುಗಿತ್ತು. ಹಳ್ಳದ ಬಳಿ ನಿಧಾನಿಸಿತ್ತು. ಕಲ್ಲೂರು ಕ್ರಾಸಿನಲ್ಲಿ ನಲವತ್ತೆರಡು ನಿಮಿಷ ಅಲುಗದೆ ನಿಂತಿತ್ತು.

ಅವಳು ಮೌನೇಶನನ್ನು ಕರೆದು ಪರದೆ ತೋರಿಸಿದಳು. ಅವನು ತಲೆ ಕೆಳಗೆ ಹಾಕಿದ.

"ದೇವದುರ್ಗದಾಗ ಬಂಡೆಗಲ್ಲಿಗೆ ಬಡದು ರೆಕ್ಕಿ ಮುರೀತು ಅಕ್ಕಾರ. ಹೊಸಾದು ಬರಾಕ ತಿಂಗಳು ಬೇಕಂತ. ಸಾಹೇಬ್ರು, ರೆಕಾರ್ಡರನ್ನ ಬೈಕಿನ ಟ್ಯಾಂಕಿಗೆ ಕಟ್ಟಿ ಒಂದು ಸುತ್ತ ಹಾಕು ಅಂದ್ರು."

"ಕ್ರಾಸಿನ್ಯಾಗ ನಲವತ್ತೆರಡು ನಿಮಿಷ ಯಾಕ ನಿಂತೀರಿ?"

"ಮಿರ್ಚಿ ಬಿಸಿ ಇದ್ದುವು. ನಡುವ ಬಂದ್ ಮಾಡಬ್ಯಾಡ ಅಂತ ನೀವ ಹೇಳಿದ್ರೆಲ್ಲ. ಹಂಗ ಬಿಟ್ಟು ತಿಂದೆ."

ನಗು ಬರಬೇಕಿತ್ತು, ಬರಲಿಲ್ಲ. ಕಡತದ ಜೊತೆಗಿದ್ದ ಚಿತ್ರಗಳನ್ನು ನೋಡಿದಳು. ಅವೆಲ್ಲ ಕಾಲುವೆಯ ಮೇಲ್ಭಾಗದಲ್ಲಿ ತಿಂಗಳ ಹಿಂದೆ ತೆಗೆದವು. ನೀರು ತುಂಬಿ ಮಿಂಚುವ ಭತ್ತದ ಗದ್ದೆಗಳು. ಅವುಗಳ ಕೆಳಗೆ ಬಾಗಲವಾಡ ಎಂದು ಬರೆದಿತ್ತು. ದೊಡ್ಡಪ್ಪನ ಒಣಹೊಲಕ್ಕೆ ನೀರು ತಲುಪಿದೆಯೆಂದು ಸಾಕ್ಷಿ ಹೇಳುತ್ತಿದ್ದವರು ಅವಳ ಅಪ್ಪ.

ಬಸವಲಿಂಗ ಎಲೆಯಡಿಕೆ ಜಗಿಯುತ್ತಲೇ ಅವಳ ಮಾತು ಕೇಳಿದ. "ಮ್ಯಾಲಿನವರು ಯಂತ್ರದ ಹೆಸರು ನೋಡ್ತಾರ, ತಾರೀಖು ನೋಡ್ತಾರ. ಎತ್ತರ ಯಾರು ನೋಡ್ತಾರ್ರೀ? ಆದ್ರೂ ನಿಮಗಷ್ಟು ಕೆಟ್ಟನಿಸಿದ್ರ ನೀವ ಕೂತು ಎಲ್ಲಾ ಸಾಲಿನಾಗ ಒಂದರ ಬದಲಿ ನೂರಾ ಇಪ್ಪತ್ತು ಹಾಕಿಬಿಡ್ರಿ. ನಿಮಗ ಬರ್ತದ, ನಮಗ ಬರಂಗಿಲ್ಲ." ಹೇಳುತ್ತ ಅವನು ಬಾಯಿಯ ಕೊನೆಯಿಂದ ಸೋರಿದ ಕೆಂಪುರಸವನ್ನು ಅಂಗೈಯಿಂದ ಒರೆಸಿ, ಅದೇ ಕೈಯಿಂದ ಜಿಪಿಎಸ್ಸನ್ನು ಅವಳತ್ತ ಚಾಚಿದ.

ಅವಳಿಗೆ ವಾಕರಿಕೆ ಬಂತು. ಆ ಕೈಗೋ, ಆ ಮಾತಿಗೋ ಎಂದು ಬೇರ್ಪಡಿಸಿ ಹೇಳಲು ಬಾರದಂಥ ವಾಕರಿಕೆ. ಕರವಸ್ತ್ರದಲ್ಲಿ ಜಿಪಿಎಸ್ ಹಿಡಿದು, ಜೋಡಣೆ ಅಳಿಸಿದಳು. ಅಪ್ಪನ ಹೆಸರನ್ನೂ ಅಳಿಸಿದಳು. ಅದನ್ನು ಮೇಜಿನ ಮೇಲಿಟ್ಟು, "ನಾಳಿಂದ ನಾ ಬರಂಗಿಲ್ರಿ" ಎಂದು ಹೊರಬಂದು, ಅಂಗಡಿಯಲ್ಲಿ ಮೊಣಕೈವರೆಗೆ ಕೈ ತೊಳೆದಳು.

ಹೇಸಿಗೆ ಅಷ್ಟಕ್ಕೇ ಮುಗಿದಿದ್ದರೆ ಅವಳು ಮರೆತುಬಿಡುತ್ತಿದ್ದಳೇನೋ. ಹತ್ತು ದಿನದ ಮೇಲೆ ಮೌನೇಶ ಅಂಗಡಿಗೆ ಬಂದ. ಕುಳಿತುಕೊಳ್ಳಲು ಹೇಳಿದರೂ ಕುಳಿತುಕೊಳ್ಳಲಿಲ್ಲ.

"ಹೆಸರಿಲ್ಲದ ಯಂತ್ರದ ಕಡತ ಕಚೇರಿ ತಗೊಳ್ಳಂಗಿಲ್ಲಂತ ಅಕ್ಕಾರ. ಅವರ ಪಟ್ಟ್ಯಾಗ ಇರೂದು ದಸ್ತಗೀರ್ ಅಂತ. ಅದಕ್ಕ ಸಾಹೇಬ್ರು ನನ್ನ ಕಡಿಂದ ಮತ್ತ ಅದಽ ಹೆಸರು ಹಾಕಿಸಿದ್ರು. ಬಾಗಲವಾಡದ ಕಡತ ಹಂಗಽ ಕಳಿಸ್ಯಾರ. ಶುಕ್ರವಾರ ಪಂಚಾಯ್ತ್ಯಾಗ ಊರ ಮಂದಿ ಮುಂದ ಓದಿ ಹೇಳ್ತಾರಂತ. ತಕರಾರು ಇದ್ರ ಅವತ್ತಽ ಹೇಳಬೇಕು, ಆಮ್ಯಾಲೆ ಕೇಳಂಗಿಲ್ಲ."

"ನೀವ್ಯಾಕ ನನಗ ಹೇಳಾಕತ್ತೀರಿ?"

"ಹೆಸರು ಒತ್ತಿದ ಬಳ್ಳು ನಂದಽ ಅಲ್ಲೇನ್ರಿ" ಎಂದ ಮೌನೇಶ ತನ್ನ ಬೆರಳನ್ನೇ ನೋಡಿಕೊಂಡು.

ಮನೆಯಲ್ಲಿ ವಾಹಿದಾ, ಜ್ವರ ಬಿಟ್ಟರೂ ಸುಸ್ತು ಬಿಡದೆ, ಗೋಡೆಗೊರಗಿ ಎಲ್ಲವನ್ನೂ ಕೇಳಿದಳು. ಗಂಡನ ಹೆಸರನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿದವಳಲ್ಲ. ಈಗಲೂ ಹೇಳಲಿಲ್ಲ. "ಝೂಟ್ ಪೋ ಉನೋಕಾ ನಾಂವ್ ಲಿಖೇ?" ಎಂದಷ್ಟೇ ಕೇಳಿದಳು. ಸುಳ್ಳಿನ ಮೇಲೆ ಅವರ ಹೆಸರು ಬರೆದರೇ? ವಾಹಿದಾ ಹೊದಿಕೆಯನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಮಲಗಿದಳು.

ಶುಕ್ರವಾರ ಜಬೀನ್ ಮೊದಲ ಬಸ್ಸಿಗೆ ಬಾಗಲವಾಡಕ್ಕೆ ಹೋದಳು. ಪಂಚಾಯ್ತಿಗೆ ಹೋಗುವ ಮೊದಲು ದೊಡ್ಡಪ್ಪನನ್ನು ಕಂಡು, ಆದದ್ದನ್ನೆಲ್ಲ ಹೇಳಿದಳು. ಅವನು ಸಿಟ್ಟಾಗುವನೆಂದುಕೊಂಡಿದ್ದಳು. ಅವನು ಅವಳನ್ನು ನೋಡದೆ, "ಸಾಬರ ಹೆಸರಿಲೇ?" ಎಂದು ಕೇಳಿದ್ದು ಸಿಟ್ಟಿಗಿಂತ ಕೆಟ್ಟದಾಗಿತ್ತು.

"ಅಲ್ಲಿ ಒಂದಽ ಒಂದು ಮಾತು ಕೇಳ್ರಿ ಯಪ್ಪಾ" ಎಂದಳು. "ಎಷ್ಟು ಎತ್ತರದಾಗ ಹಾರ್ಯದ ಅಂತ."

ಪಂಚಾಯ್ತಿಯ ಪಡಸಾಲೆಯಲ್ಲಿ ಮೂವತ್ತು ನಲವತ್ತು ಜನ ಸೇರಿದ್ದರು. ಕಚೇರಿಯಿಂದ ಬಂದ ಅಧಿಕಾರಿ, ಪಕ್ಕದಲ್ಲಿ ಬಸವಲಿಂಗ. ಅಧಿಕಾರಿ ಕಡತ ಓದಿದರು: ಯಂತ್ರದ ಹೆಸರು ದಸ್ತಗೀರ್, ಊರು ಬಾಗಲವಾಡ, ಫಲಿತಾಂಶ, ನೀರು ತಲುಪಿದೆ, ಬೆಳೆ ಭತ್ತ. ಜನರ ನಡುವೆ ಗುಸುಗುಸು ಎದ್ದಿತು. ದೊಡ್ಡಪ್ಪ ಎದ್ದು ನಿಂತ.

"ಸಾಹೇಬ್ರ, ಎಷ್ಟು ಎತ್ತರದಾಗ ಹಾರ್ಯದ್ರಿ ಇದು?"

"ಅದೆಲ್ಲಾ ತಾಂತ್ರಿಕ ವಿಚಾರ ರೀ ಗೌಡ್ರ" ಎಂದ ಬಸವಲಿಂಗ.

"ಇರಲಿ. ಓದ್ರಿ."

ಅಧಿಕಾರಿ ಹಾಳೆ ತಿರುವಿದರು. ಇನ್ನೊಂದು ತಿರುವಿದರು. ಕನ್ನಡಕ ತೆಗೆದು ಹಾಕಿಕೊಂಡರು. "ಒಂದು ಮೀಟರ್" ಎಂದರು, ಬಹಳ ಮೆಲ್ಲಗೆ.

ದೊಡ್ಡಪ್ಪ ತನ್ನ ಸೊಂಟದ ಮಟ್ಟಕ್ಕೆ ಕೈ ಹಿಡಿದು ತೋರಿಸಿದ. "ಇಷ್ಟು. ನನ್ನ ತೊಗರಿ ಇದಕಿಂತ ಎತ್ತರ ಬೆಳದದ್ರಿ. ನಿಮ್ಮ ಇಮಾನ ನನ್ನ ತೊಗರಿ ಬುಡಕ ಹಾಯ್ದು ಹೋಗಿ, ಭತ್ತ ನೋಡಿ ಬಂತೇನ್ರಿ?"

ಪಡಸಾಲೆ ಗೊಳ್ಳೆಂದಿತು. ಹಿಂದಿನಿಂದ ಯಾರೋ, "ಇಮಾನ ಅಲ್ಲ ಮಾರಾಯ, ಮೊಲ" ಎಂದರು. ಬಾಗಿಲಲ್ಲಿ ನಿಂತಿದ್ದ ಮೌನೇಶ, ಯಾರೂ ಕೇಳದಿದ್ದರೂ, "ಬೈಕ್ ರೀ ಅದು. ನಾನ ಹೊಡದೀನಿ. ಕ್ರಾಸಿನ್ಯಾಗ ಮಿರ್ಚಿನೂ ತಿಂದೀನಿ" ಎಂದುಬಿಟ್ಟ. ಬಸವಲಿಂಗನ ಜಗಿತ ನಿಂತಿತು. ಬಾಯಿ ತುಂಬಿದ್ದನ್ನು ಉಗುಳಲು ಜಾಗವಿರಲಿಲ್ಲ. ಅವನು ನುಂಗಿದ. ಜಬೀನ್ ಮುಖ ತಿರುಗಿಸಿದಳು.

ಅಧಿಕಾರಿ ಹೊಸ ಸರ್ವೇ ಆಗಬೇಕೆಂದು ಬರೆದರು. ಜಬೀನ್ ಮುಂದೆ ಹೋಗಿ ತಾನು ಯಾರೆಂದು ಹೇಳಿ, ಆ ಕಡತದಿಂದ ಹೆಸರು ತೆಗೆಯಬೇಕೆಂದು ಕೇಳಿದಳು.

"ಬಂದ ಕಡತ ತಿದ್ದಾಕ ಬರಂಗಿಲ್ಲಮ್ಮ. ನಿಯಮ. ಬೇಕಾದ್ರ ಅಡಿಯಲ್ಲಿ ಒಂದು ಟಿಪ್ಪಣಿ ಬರೀರಿ."

ಅಂದರೆ ಸುಳ್ಳು ಹಾಗೆಯೇ ಉಳಿಯುತ್ತದೆ, ಅಪ್ಪನ ಹೆಸರು ಹೊತ್ತುಕೊಂಡು, ಯಾವುದೋ ಕಪಾಟಿನಲ್ಲಿ. ಅವಳು ಪೆನ್ನು ಕೈಗೆತ್ತಿಕೊಂಡಳು. ರೇಡಿಯೋದ ಚೀಟಿಗಳಲ್ಲಿದ್ದಂತೆ ಸಣ್ಣ ಅಕ್ಷರದಲ್ಲಿ ಬರೆದಳು: ತಾರೀಖು. ಇದು ಹಾರಿದ್ದಲ್ಲ, ಬೈಕಿನ ಮೇಲೆ ಹೋದದ್ದು. ಹೆಸರು ದಸ್ತಗೀರ್ ಸಾಬರದು, ಕೆಲಸ ಅವರದಲ್ಲ. ಕೆಳಗೆ ತನ್ನ ಹೆಸರು.

ಹೊಸ ರೆಕ್ಕೆ ಬಂದ ಮೇಲೆ, ಬಸವಲಿಂಗನ ಜಾಗಕ್ಕೆ ಬಂದವನು ಜೋಡಣೆಗಾಗಿ ಅವಳನ್ನೇ ಕರೆದ. ಬಾಗಲವಾಡದ ಬದುವಿನಲ್ಲಿ ಕುಳಿತು, ದೊಡ್ಡಪ್ಪನೂ ಮೌನೇಶನೂ ನೋಡುತ್ತಿರುವಾಗ, ಅವಳು ಜಿಪಿಎಸ್ಸನ್ನು ಸ್ಪಿರಿಟಿನಲ್ಲಿ ಒರೆಸಿದಳು. ಅಂಚಿನ ಸಂದಿನಲ್ಲಿ ಕೆಂಪು ಕಲೆಯೊಂದು ಉಳಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಗಂಟು ಬಿಚ್ಚಿ, ಹೊಸ ಸಂಖ್ಯೆ ಕೊಟ್ಟು, ಎರಡನ್ನೂ ಕೂಡಿಸಿದಳು. ನೀಲಿ ದೀಪ ನಿಂತಿತು. ಯಂತ್ರ ಮತ್ತೆ ಹೆಸರು ಕೇಳಿತು.

"ಸಾಬರದಽ ಹಾಕವ್ವಾ" ಎಂದ ದೊಡ್ಡಪ್ಪ.

"ಬ್ಯಾಡ್ರಿ ಯಪ್ಪಾ. ಮುಂದ ಬಿಚ್ಚಿ ನೋಡಿದವರು ಬೈದ್ರ ನನಗ ಬೈಲಿ" ಎಂದು ಅವಳು ಜಬೀನ್ ಎಂದು ಒತ್ತಿ, ಮೌನೇಶನಿಗೆ ಗ್ಲೈಡರ್ ಎಸೆಯಲು ಕೈಸನ್ನೆ ಮಾಡಿದಳು.