ಎಡಗೆನ್ನೆಯ ಬಿಳಿ

ವಿಠಲರೇ, ಬಿಳಿ ಮಚ್ಚೆಯ ಮಾತನ್ನು ಸುಮತಿ ಹೇಳಿರಲಿಲ್ಲ. ಚಿತ್ರದಲ್ಲಿ ಆ ಬಿಳಿಯನ್ನು ಇಟ್ಟವನು ನಾನು. ಅದು ಮಚ್ಚೆಯೇ ಅಲ್ಲವೆಂದು ತಿಳಿದಿದ್ದೂ ಕಾಪು ಪೇಟೆಯಲ್ಲಿ ನಿಮ್ಮ ಕೆನ್ನೆಗೆ ಮೊದಲ ಏಟು ಕೊಟ್ಟವನೂ ನಾನೇ. ಆರು ವರ್ಷ ಇದನ್ನು ನುಂಗಿಕೊಂಡು ಕುಳಿತೆ. ಇನ್ನು ನನ್ನಿಂದ ಆಗುವುದಿಲ್ಲ.

ನಿಮಗೆ ನನ್ನ ಪರಿಚಯ ಆ ಒಂದು ಏಟಿನಷ್ಟೇ. ಮೂವತ್ತು ವರ್ಷ ಡ್ರಾಯಿಂಗ್ ಮಾಸ್ಟ್ರಾಗಿದ್ದವನು ನಾನು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಗೆರೆ ತಪ್ಪಿದ ಮಕ್ಕಳ ಕಿವಿ ಹಿಂಡಿದ್ದೇನೆ, ಕೆನ್ನೆಗೂ ಬಾರಿಸಿದ್ದೇನೆ. ನಿವೃತ್ತನಾದ ಮೇಲೆ ಮನೆಯಲ್ಲಿ ಕುಳಿತು ಮುಖಗಳನ್ನು ಬರೆಯುತ್ತಿದ್ದೆ — ಮಣಿಪಾಲದ ಅಂಗಡಿಯಿಂದ ತಂದ ಕಂದು ಕಾಗದದ ಮೇಲೆ, ಬಣ್ಣದ ಪೆನ್ಸಿಲ್‌ಗಳಿಂದ. ಆ ಕಾಗದದ ಕೆಲಸವೇ ಬೇರೆ. ಬಿಳಿ ಹಾಳೆಯಲ್ಲಾದರೆ ಮುಖಕ್ಕೆಲ್ಲ ಬಣ್ಣ ತುಂಬಬೇಕು. ಇಲ್ಲಿ ಕಾಗದವೇ ಚರ್ಮ. ಅದನ್ನು ಹಾಗೆಯೇ ಬಿಟ್ಟು, ನೆರಳಿಗೆ ಕಪ್ಪು ಎಳೆದು, ಬೆಳಕು ಬೀಳುವ ಜಾಗಕ್ಕೆ ಮಾತ್ರ ಕೊನೆಯಲ್ಲಿ ಬಿಳಿ ಪೆನ್ಸಿಲ್ ಒತ್ತಬೇಕು. ನನ್ನ ಕೋಣೆಯ ಕಿಟಕಿ ನಾನು ಕುಳಿತಲ್ಲಿಂದ ಬಲಕ್ಕಿದೆ. ನನ್ನೆದುರು ಕುಳಿತವರಿಗೆಲ್ಲ ಎಡಗೆನ್ನೆಯಲ್ಲೇ ಬೆಳಕು. ಎದುರಿಗೆ ಯಾರೂ ಇಲ್ಲದಿದ್ದರೂ ನನ್ನ ಕೈ ಬಿಳಿಯನ್ನು ಅಲ್ಲೇ ಇಡುತ್ತಿತ್ತು.

ಸುಮತಿ ಪಕ್ಕದ ಮನೆಯವಳು, ಬಟ್ಟೆ ಹೊಲಿದು ಬದುಕುತ್ತಿದ್ದವಳು. ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದವನೊಬ್ಬ ಅವಳ ಕರಿಮಣಿಗೆ ಕೈ ಹಾಕಿದ. ಅವಳು ಬಿಡಲಿಲ್ಲ, ಅವನೂ ಬಿಡದೆ ಅವಳನ್ನು ಟಾರು ರಸ್ತೆಯಲ್ಲಿ ಎಳೆದುಕೊಂಡು ಹೋದ. ಮೊಣಕೈ ಮುರಿಯಿತು, ಗಲ್ಲದ ಚರ್ಮ ಕಿತ್ತುಬಂತು, ಕುತ್ತಿಗೆಯ ಸುತ್ತ ಸರದ ಗೆರೆ ರಕ್ತ ಕಟ್ಟಿ ನಿಂತಿತು. ಮರುದಿನ ಪ್ಲಾಸ್ಟರ್ ಹಾಕಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಮಾಸ್ಟ್ರೇ, ಅವನ ಮುಖ ಕಣ್ಣೆದುರೇ ಉಂಟು. ನೀವು ಬರೆಯಿರಿ," ಎಂದಳು. ಕೂಡಿದ ಹುಬ್ಬು, ದಪ್ಪ ತುಟಿ, ಒಳಗೆ ಹೋದ ಕೆನ್ನೆ — ಇಷ್ಟೇ ಅವಳು ಹೇಳಿದ್ದು. ಅವಳ ಕುತ್ತಿಗೆ ನೋಡಿ ನೋಡಿ ನನಗೆ ರಕ್ತ ಕುದಿಯುತ್ತಿತ್ತು. ಕಪ್ಪು ಪೆನ್ಸಿಲ್ಲಿನ ಮೊನೆ ಎರಡು ಸಲ ಮುರಿಯಿತು. ಕೊನೆಗೆ ಎಡಗಣ್ಣಿನ ಕೆಳಗೆ, ಕೈಗೆ ರೂಢಿಯಾದ ಜಾಗದಲ್ಲಿ, ಬಿಳಿಯನ್ನು ಕಾಗದದ ಮೈ ಏಳುವಷ್ಟು ಒತ್ತಿದೆ. ಮುಖ ಎದ್ದು ನಿಂತಿತು. "ಇವನೇ," ಎಂದು ಸುಮತಿ ಅತ್ತಳು. ನನಗೆ ಹೆಮ್ಮೆಯಾಯಿತು — ಹೌದು, ಅವಳು ಅಳುತ್ತಿದ್ದಾಗ ನನಗೆ ಹೆಮ್ಮೆಯಾಯಿತು.

ಅವಳ ಮೈದುನ ಅದರ ಫೋಟೋ ತೆಗೆದು ವಾಟ್ಸಾಪಿಗೆ ಹಾಕಿದ. ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಾ ಕಾಗದದ ಕಂದು ಕಪ್ಪಾಯಿತು, ಬಿಳಿ ಮಾತ್ರ ಹೊಳೆಯಿತು. ಮರುದಿನ ಬೆಳಿಗ್ಗೆ ಅದು ನನಗೂ ಬಂತು, ಯಾರೋ ಸೇರಿಸಿದ ಸಾಲಿನೊಂದಿಗೆ: 'ಎಡಗೆನ್ನೆಯಲ್ಲಿ ಬಿಳಿ ಮಚ್ಚೆ ಇರುವ ಕಳ್ಳ. ಕಂಡರೆ ಬಿಡಬೇಡಿ.' ಅದು ಮಚ್ಚೆಯಲ್ಲ, ಬೆಳಕು ಎಂದು ಟೈಪ್ ಮಾಡಿದೆ ಕೂಡ. ಆದರೆ ಅದರ ಕೆಳಗೆ ಹಳೆಯ ವಿದ್ಯಾರ್ಥಿಗಳ ಹೊಗಳಿಕೆ ಸಾಲುಗಟ್ಟಿತ್ತು — ಫೋಟೋವೇ ಸರಿ, ನಮ್ಮ ಮಾಸ್ಟ್ರ ಕೈ ಅಂದ್ರೆ ಕೈ. ನನ್ನ ಚಿತ್ರಕ್ಕೆ ನಾನೇ ತಿದ್ದುಪಡಿ ಬರೆಯುವುದೇ... ಅಳಿಸಿಬಿಟ್ಟೆ.

ಅದೇ ದಿನ ಹನ್ನೊಂದು ಗಂಟೆಗೆ ನೀವು ಸ್ಕೂಟರಿನ ಹಿಂದೆ ಗುಳ್ಳ ಬದನೆಯ ಬುಟ್ಟಿ ಕಟ್ಟಿಕೊಂಡು ಮಟ್ಟುವಿನಿಂದ ಕಾಪುವಿಗೆ ಬಂದಿರಿ. ನಿಮ್ಮ ಎಡಗಣ್ಣಿನ ಕೆಳಗೆ ಹುಟ್ಟಿನಿಂದಲೂ ಇದ್ದ ಆ ಬಿಳಿ. ನಾನು ಮೀನಿಗೆ ಹೋಗಿದ್ದೆ. ಗುಂಪಿನೊಳಗೆ ನುಗ್ಗಿ ನೋಡಿದರೆ ಇಬ್ಬರು ನಿಮ್ಮ ಕಾಲರ್ ಹಿಡಿದಿದ್ದರು. ನಿಮ್ಮ ಹುಬ್ಬು ಕೂಡಿರಲಿಲ್ಲ. ತುಟಿ ತೆಳು. ಕೆನ್ನೆ ತುಂಬಿತ್ತು. ಮುಖಗಳನ್ನೇ ನೋಡಿ ಬದುಕಿದವನಿಗೆ ಒಂದು ಕ್ಷಣ ಸಾಕಾಯಿತು — ಇವರಲ್ಲ.

"ಮಾಸ್ಟ್ರೇ, ಇವನೇ ಅಲ್ವಾ? ಸರಿಯಾಗಿ ನೋಡಿ ಹೇಳಿ ಮಾರಾಯ್ರೆ," ಎಂದ ಒಬ್ಬ.

"ನಾನು ಗುಳ್ಳ ಮಾರ್ಲಿಕ್ಕೆ ಬಂದವ. ನೀವಾದ್ರೂ ಹೇಳಿ," ಎಂದು ನೀವು ನನ್ನನ್ನೇ ನೋಡಿದಿರಿ.

ಅಲ್ಲ ಎನ್ನಬೇಕಾದರೆ ನನ್ನ ಬಿಳಿಯ ವಿಷಯ ಹೇಳಬೇಕಿತ್ತು. ಅಷ್ಟು ಜನರೆದುರು, ಬೆಳಿಗ್ಗೆಯಷ್ಟೇ ಹೊಗಳಿದವರೆದುರು —

"ಚಿತ್ರದಲ್ಲಿ ಇದ್ದ ಹಾಗೆಯೇ ಉಂಟು," ಎಂದೆ.

ಅಷ್ಟು ಸಾಲದೆಂಬಂತೆ ಕೈ ಎತ್ತಿ ನಿಮ್ಮ ಆ ಬಿಳಿಯ ಮೇಲೆಯೇ ಬಾರಿಸಿದೆ. ನನ್ನ ಸುಳ್ಳು ನನಗೇ ನಿಜವಾಗಲಿ ಎಂದು ಹೊಡೆದೆನೋ ಏನೋ. ಮಾಸ್ಟ್ರೇ ಹೊಡೆದ ಮೇಲೆ ಇನ್ನು ಯಾರ ಅಪ್ಪಣೆ ಬೇಕಿತ್ತು? ಹೆಲ್ಮೆಟ್ಟಿನಿಂದ ನಿಮ್ಮ ಬಾಯಿಗೆ ಹೊಡೆದರು. ಹಲ್ಲು ರಕ್ತದೊಂದಿಗೆ ಅಂಗಿಯ ಮೇಲೆ ಬಿತ್ತು. ನೀವು ಬಿದ್ದ ಮೇಲೆ ಪಕ್ಕೆಗೆ ಒದ್ದರು, ಬೆರಳುಗಳನ್ನು ಬೂಟಿನಡಿ ಹೊಸಕಿದರು. ನಿಮ್ಮ ಗುಳ್ಳಗಳನ್ನೇ ಎತ್ತಿ ಮುಖಕ್ಕೆ ಎಸೆದರು, ಯಾರೋ ನಕ್ಕರು. "ಯಾನತ್ತ್, ಯಾನತ್ತ್," ಎಂದು ನೀವು ತುಳುವಿನಲ್ಲಿ ಹೇಳುತ್ತಲೇ ಇದ್ದಿರಿ — ನಾನಲ್ಲ, ನಾನಲ್ಲ. ಮೀನು ಕೊಚ್ಚುವಲ್ಲಿಂದ ಒಬ್ಬ ಮರದ ತುಂಡು ತಂದ. ಅದು ನಿಮ್ಮ ಎಡಗಣ್ಣಿನ ಮೇಲೆ ಬಿದ್ದಾಗಿನ ಶಬ್ದ... ಅದನ್ನು ಬರೆಯಲು ಹೋಗಿ ಮೂರು ಹಾಳೆ ಹರಿದಿದ್ದೇನೆ. ನಾನು ಎರಡು ಮಾರು ದೂರದಲ್ಲಿ ಮೀನಿನ ಚೀಲ ಹಿಡಿದು ನಿಂತಿದ್ದೆ. ನಿಲ್ಲಿಸಿ ಎನ್ನಲಿಲ್ಲ.

ಕಳ್ಳನನ್ನು ಗುರುತಿಸಲೆಂದು ಮೈದುನ ಸುಮತಿಯನ್ನು ರಿಕ್ಷಾದಲ್ಲಿ ಕರೆತಂದ. "ಇವರಲ್ಲ, ಬಿಡಿ, ಇವರಲ್ಲ," ಎನ್ನುತ್ತಾ ಅವಳು ಪ್ಲಾಸ್ಟರಿನ ಕೈಯನ್ನೇ ಅಡ್ಡ ಹಿಡಿದು ನಿಮ್ಮ ಮೇಲೆ ಬಗ್ಗಿದಳು. ಅದರ ಮೇಲೂ ಒಂದು ಏಟು ಬಿತ್ತು. ಆಮೇಲೆ ಜನ ಒಬ್ಬೊಬ್ಬರಾಗಿ ಜಾರಿಕೊಂಡರು; ಅವರ ನಡುವೆ ನಾನೂ ಜಾರಿಕೊಂಡೆ.

ನೀವು ಮಣಿಪಾಲದ ಆಸ್ಪತ್ರೆಯಲ್ಲಿ ಆ ಕಣ್ಣು ಕಳೆದುಕೊಂಡು ಮಲಗಿದ್ದಾಗ ಪೊಲೀಸರು ಮನೆಗೆ ಬಂದರು. ಈ ಮಚ್ಚೆ ಎಲ್ಲಿಂದ ಬಂತೆಂದು ಕೇಳಿದರು. "ಅವಳು ಹೇಳದೆ ನಾನು ಹೇಗೆ ಬರೆಯಲಿ?" ಎಂದೆ. ನಿಮಗೆ ಹೊಡೆದದ್ದಕ್ಕಿಂತ ನೀಚ ಕೆಲಸ ಅದು. ಸುಮತಿ ನನ್ನನ್ನು ನಂಬಿದಳು — ತನ್ನನ್ನು ನಂಬದೆ ನನ್ನನ್ನು ನಂಬಿದಳು. "ಆ ದಿನ ನನ್ನ ತಲೆ ಸರಿ ಇರ್ಲಿಲ್ಲ. ನಾನೇ ಹೇಳಿರ್ಬೇಕು," ಎಂದು ಎಲ್ಲರಿಗೂ ಹೇಳಿದಳು. ಅವಳ ಬಾಯಿಯಿಂದಾಗಿ ಒಬ್ಬನ ಕಣ್ಣು ಹೋಯಿತೆಂದು ಊರು ಆಡಿಕೊಂಡಿತು. ಹೊಲಿಯಲು ಬಟ್ಟೆ ಕೊಡುವವರು ಕಡಿಮೆಯಾದರು. ಅವಳು ಮಿಷನ್ ಕಟ್ಟಿಕೊಂಡು ಕಾರ್ಕಳದ ಅಕ್ಕನ ಮನೆಗೆ ಹೋದಳು. ನನ್ನ ಗೋಡೆಯಾಚೆ ಮಿಷನ್ನಿನ ಸದ್ದು ನಿಂತಾಗ ನನಗೆ, ನಿಜ ಹೇಳುತ್ತೇನೆ, ನಿರಾಳವಾಯಿತು.

ನಿನ್ನೆ ಕಾರ್ಕಳಕ್ಕೆ ಹೋಗಿ ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಹೊಲಿಗೆಯನ್ನು ಪಕ್ಕಕ್ಕೆ ಸರಿಸಿದಳು. ನೆಟ್ಟಗಾಗದ ಆ ಮೊಣಕೈ ಕಾಣುತ್ತಿತ್ತು. "ಮಾಸ್ಟ್ರೇ, ವಿಠಲಣ್ಣನ ಬಾಗಿಲಲ್ಲಿ ನಾನು ನಾಲ್ಕು ಸಲ ಕೈಮುಗಿದು ನಿಂತಿದ್ದೆ," ಎಂದಳು. "ಅವರು ಒಮ್ಮೆಯೂ ತೆರೆಯಲಿಲ್ಲ. ತೆರೆಯದೆ ಇದ್ದದ್ದೇ ಸರಿ ಅಂತ ನಾನೂ ಎಣಿಸಿದೆ."

ಪೊಲೀಸರಿಗೆ ಬರೆದುಕೊಡಬೇಕಾದದ್ದನ್ನು ಈ ಬೆಳಿಗ್ಗೆ ಕೊಟ್ಟು ಬಂದೆ. ಈ ಪತ್ರವನ್ನು ಇಂದೇ ಯಾರ ಕೈಯಲ್ಲಾದರೂ ಕಳಿಸಿ, ನಾಳೆ ಮಟ್ಟುವಿಗೆ ಬರುತ್ತೇನೆ, ಆ ಕಂದು ಹಾಳೆಯನ್ನು ಹಿಡಿದುಕೊಂಡು. ನನಗೆ ಬಾಗಿಲು ತೆರೆಯಬೇಡಿ. ನಾನು ಮಾಡಿದ್ದನ್ನು ಅಂಗಳದಲ್ಲೇ ನಿಂತು, ಬೇಲಿಯಾಚೆಯವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿ ಹೋಗುತ್ತೇನೆ. ಸುಮತಿ ಐದನೆಯ ಸಲ ಬಂದರೆ, ಅವಳಿಗೆ ತೆರೆಯಿರಿ.